ನಿರಾಶ್ರಿತರಿಗೆ ಪ್ರತ್ಯೇಕ ಚಿಕಿತ್ಸಾಲಯವೋ, ಸರ್ಕಾರಿ ವ್ಯವಸ್ಥೆಯೊಂದಿಗೆ ಜೋಡಣೆಯೋ?

ಗಡಿ ಜಿಲ್ಲೆಯೊಂದರಲ್ಲಿ ಆರೋಗ್ಯ ಸೇವೆಗಳ ಸಮನ್ವಯದ ಹೊಣೆ ನಿಮಗೆ ಬಂದಿದೆ. ಶಿಬಿರದ ಜನರಿಗಾಗಿ ಬೇರೆಯೇ ಚಿಕಿತ್ಸಾಲಯಗಳನ್ನು ತೆರೆಯಬೇಕೋ, ಸುತ್ತಲಿನ ಹಳ್ಳಿಯವರು ಬಳಸುವ ಸರ್ಕಾರಿ ವ್ಯವಸ್ಥೆಯೊಳಗೇ ಅವರನ್ನೂ ಸೇರಿಸಬೇಕೋ ಎಂದು ಕೇಳಿದ್ದೀರಿ. 2017ರ ಕೊನೆಯಲ್ಲಿ ಬಾಂಗ್ಲಾದೇಶದ ಕಾಕ್ಸ್ ಬಜಾರ್ ಜಿಲ್ಲೆಯಲ್ಲಿ ಇದೇ ಪ್ರಶ್ನೆಯನ್ನು ಹಿಡಿದುಕೊಂಡು ನಾನು ಸಭೆಯಿಂದ ಸಭೆಗೆ ಓಡಾಡುತ್ತಿದ್ದೆ. ಆ ಓಡಾಟದಲ್ಲಿ ಮಾಡಲೇಬೇಕಾಗಿದ್ದ ಕೆಲಸವೊಂದು ಉಳಿದುಹೋಯಿತು.

ಆ ವರ್ಷದ ಆಗಸ್ಟ್ 25ರ ನಂತರದ ಕೆಲವೇ ತಿಂಗಳುಗಳಲ್ಲಿ ಮ್ಯಾನ್ಮಾರ್‌ನ ರಖೈನ್ ರಾಜ್ಯದಿಂದ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ಜನರು ಗಡಿ ದಾಟಿ ಉಖಿಯಾ ಮತ್ತು ಟೆಕ್ನಾಫ್ ಉಪಜಿಲ್ಲೆಗಳಿಗೆ ಬಂದರು. 2011ರ ಜನಗಣತಿಯ ಪ್ರಕಾರ ಈ ಎರಡೂ ಉಪಜಿಲ್ಲೆಗಳ ಜನಸಂಖ್ಯೆಯನ್ನು ಕೂಡಿಸಿದರೂ ಐದು ಲಕ್ಷ ಮುಟ್ಟುತ್ತಿರಲಿಲ್ಲ. ಊರಿನವರಿಗಿಂತ ಬಂದವರೇ ಹೆಚ್ಚಾದರು. ಕುಟುಪಾಲಾಂಗ್ ಸುತ್ತಲಿನ ಗುಡ್ಡಗಳ ಕಾಡು ಕರಗಿ, ಬಿದಿರು ಮತ್ತು ಟಾರ್ಪಾಲಿನ ಮನೆಗಳು ಎದ್ದವು. ನೆರವಿನ ಸಂಸ್ಥೆಗಳೂ ಅಷ್ಟೇ ವೇಗವಾಗಿ ಬಂದವು ಮತ್ತು ಹೆಚ್ಚಿನವು ವಾಹನ ತಲುಪುವ ರಸ್ತೆಯ ಬದಿಯಲ್ಲೇ ಚಿಕಿತ್ಸಾಲಯ ತೆರೆಯಲು ಬಯಸಿದವು. ರಸ್ತೆಯ ಒಂದು ಬದಿಯಲ್ಲಿ ಮೂರು ಆರೋಗ್ಯ ಘಟಕಗಳು ಒತ್ತಾಗಿ ನಿಂತಿದ್ದರೆ, ಗುಡ್ಡದ ಹಿಂದಿನ ಸಾವಿರಾರು ಮನೆಗಳಿಗೆ ಒಂದೂ ಇರುತ್ತಿರಲಿಲ್ಲ. ಯಾವ ಸಂಸ್ಥೆ, ಯಾವ ಸೇವೆ, ಯಾವ ಜಾಗ, ಎಂದಿನಿಂದ ಎಂಬ ಕೋಷ್ಟಕವನ್ನು ತುಂಬಿಸಿ, ಅದರಲ್ಲಿ ಕಂಡ ಖಾಲಿ ಜಾಗಗಳಿಗೆ ಸಂಸ್ಥೆಗಳನ್ನು ಒಪ್ಪಿಸಿ ಕಳುಹಿಸುವುದು ನನ್ನ ಕೆಲಸವಾಗಿತ್ತು.

ನನ್ನ ಮುಂದೆ ಸ್ಫಿಯರ್ ಕೈಪಿಡಿಯ, ಅಂದರೆ ತುರ್ತು ನೆರವಿನ ಕನಿಷ್ಠ ಮಾನದಂಡಗಳನ್ನು ಹೇಳುವ ಅಂತರರಾಷ್ಟ್ರೀಯ ಕೈಪಿಡಿಯ, ಹಳೆಯ ಲೆಕ್ಕವಿತ್ತು: 10,000 ಜನರಿಗೆ ಒಂದು ಮೂಲ ಆರೋಗ್ಯ ಘಟಕ, 50,000 ಜನರಿಗೆ ಒಂದು ಆರೋಗ್ಯ ಕೇಂದ್ರ, 2,50,000 ಜನರಿಗೆ ಒಂದು ಆಸ್ಪತ್ರೆ. ಮೊದಲ ಎರಡು ಸಾಲುಗಳನ್ನು ತುಂಬಿಸಲು ನಾನು ಹಗಲಿರುಳು ದುಡಿದೆ. ಮೂರನೆಯ ಸಾಲಿಗೆ ಬಂದಾಗ, ಆಸ್ಪತ್ರೆ ಈಗಾಗಲೇ ಇದೆಯಲ್ಲ ಎಂದುಕೊಂಡು, ಪ್ರತಿಯೊಂದು ಸಂಸ್ಥೆಯ ಯೋಜನೆಯಲ್ಲೂ ‘ಗಂಭೀರ ರೋಗಿಗಳನ್ನು ಸರ್ಕಾರಿ ಆಸ್ಪತ್ರೆಗೆ ರೆಫರ್ ಮಾಡಲಾಗುವುದು’ ಎಂಬ ಒಂದೇ ವಾಕ್ಯವನ್ನು ಒಪ್ಪಿಕೊಂಡೆ. ನನಗೆ ದುಬಾರಿಯಾದದ್ದು ಈ ವಾಕ್ಯ.

ಇದು ಹೇಗಾಯಿತೆಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಅದು ಅಜಾಗರೂಕತೆಯಂತೆ ಕಾಣಿಸಲೇ ಇಲ್ಲ. ನನ್ನ ಕೋಷ್ಟಕ ನೆರವಿನ ಸಂಸ್ಥೆಗಳ ಕೋಷ್ಟಕವಾಗಿತ್ತು. ಸರ್ಕಾರಿ ಆಸ್ಪತ್ರೆ ಯಾರ ಯೋಜನೆಯೂ ಅಲ್ಲದ್ದರಿಂದ ಅದಕ್ಕೆ ಅಲ್ಲಿ ಸಾಲೇ ಇರಲಿಲ್ಲ. ಸಭೆಯ ಆಹ್ವಾನವನ್ನು ಉಪಜಿಲ್ಲಾ ಆಸ್ಪತ್ರೆಯ ಮುಖ್ಯಸ್ಥರಿಗೂ ಕಳುಹಿಸುತ್ತಿದ್ದೆವು, ಆದರೆ ಸಭೆ ನಡೆಯುತ್ತಿದ್ದುದು ಬೆಳಗಿನ ಹೊತ್ತು, ಅವರ ಹೊರರೋಗಿ ವಿಭಾಗ ತುಂಬಿ ತುಳುಕುವ ಸಮಯದಲ್ಲಿ. ಮಾತುಕತೆಯೆಲ್ಲ ಇಂಗ್ಲಿಷಿನಲ್ಲಿ, ಅದೂ ನೆರವಿನ ಲೋಕದವರಿಗೆ ಮಾತ್ರ ಅರ್ಥವಾಗುವ ಸಂಕ್ಷಿಪ್ತ ರೂಪಗಳಲ್ಲಿ ನಡೆಯುತ್ತಿತ್ತು. ಅವರು ಬರಲಿಲ್ಲ. ಬಾರದಿರುವುದನ್ನು ನಾನು ಒಪ್ಪಿಗೆಯೆಂದು ಎಣಿಸಿ, ಸಭೆಯ ನಡಾವಳಿಯಲ್ಲಿ ‘ರೆಫರಲ್ ವ್ಯವಸ್ಥೆಗೆ ಆಕ್ಷೇಪಣೆ ಇಲ್ಲ’ ಎಂದು ಬರೆಸಿದೆ. ಆ ಆಸ್ಪತ್ರೆಯಲ್ಲಿ ಎಷ್ಟು ಹಾಸಿಗೆಗಳು ಖಾಲಿ ಇರುತ್ತವೆ, ರಾತ್ರಿ ಶಸ್ತ್ರಚಿಕಿತ್ಸೆ ಮಾಡಬಲ್ಲವರು ಇದ್ದಾರೆಯೇ, ಅರಿವಳಿಕೆ ಕೊಡುವವರು ಯಾರು, ರೋಗಿಯ ಔಷಧಿ ಮತ್ತು ರಕ್ತದ ಖರ್ಚನ್ನು ಯಾರು ಭರಿಸುತ್ತಾರೆ, ಶಿಬಿರದಿಂದ ಹೊರಗೆ ಹೋಗಲು ಬೇಕಾದ ಅನುಮತಿಪತ್ರವನ್ನು ನಡುರಾತ್ರಿಯಲ್ಲಿ ಯಾರು ಕೊಡುತ್ತಾರೆ ಎಂಬ ಯಾವ ಪ್ರಶ್ನೆಯನ್ನೂ ನಾನು ಕೇಳಲಿಲ್ಲ. ಬಾಂಗ್ಲಾದೇಶದಲ್ಲಿ ಉಪಜಿಲ್ಲಾ ಆಸ್ಪತ್ರೆಯೆಂದರೆ ಸಾಮಾನ್ಯವಾಗಿ 31 ಅಥವಾ 50 ಹಾಸಿಗೆಗಳದ್ದು. ಇದು ನನಗೆ ಗೊತ್ತಿತ್ತು. ಆದರೂ ನೂರಾರು ಆರೋಗ್ಯ ಘಟಕಗಳ ಬಾಣದ ಗುರುತುಗಳನ್ನು ನಕ್ಷೆಯಲ್ಲಿ ಅಂಥ ಕೆಲವೇ ಆಸ್ಪತ್ರೆಗಳ ಕಡೆಗೆ ತಿರುಗಿಸಿದೆ.

ಇದಕ್ಕೆ ಇನ್ನೊಂದು ಪದರವೂ ಇತ್ತು. ರೋಹಿಂಗ್ಯಾ ಜನರ ಮಾತು ಚಿತ್ತಗಾಂಗ್ ಭಾಗದ ಆಡುಮಾತಿಗೆ ಬಹಳ ಹತ್ತಿರ. ಢಾಕಾದಿಂದ ಬಂದ ವೈದ್ಯರಿಗೆ ಅದು ಸರಿಯಾಗಿ ಅರ್ಥವಾಗುತ್ತಿರಲಿಲ್ಲ, ಆದರೆ ಸ್ಥಳೀಯ ನರ್ಸುಗಳು ಮತ್ತು ಆರೋಗ್ಯ ಸಹಾಯಕರಿಗೆ ಅದು ಮನೆಮಾತಿನಂತೆಯೇ ಇತ್ತು. ಆದ್ದರಿಂದ ಎಲ್ಲ ಸಂಸ್ಥೆಗಳೂ ಅವರನ್ನೇ ಹುಡುಕಿದವು, ಹೆಚ್ಚಿನ ಸಂಬಳವನ್ನೂ ಕೊಟ್ಟವು. ನನ್ನ ಕೋಷ್ಟಕದಲ್ಲಿ ಒಂದೊಂದು ಹೊಸ ಘಟಕ ತೆರೆದಾಗಲೂ ಹಳ್ಳಿಗಳ ಯಾವುದೋ ಸಣ್ಣ ಆರೋಗ್ಯ ಕೇಂದ್ರ ತನ್ನ ಸಿಬ್ಬಂದಿಯನ್ನು ಕಳೆದುಕೊಳ್ಳುತ್ತಿತ್ತು. ಒಂದು ಕೈಯಿಂದ ರೋಗಿಗಳನ್ನು ಆಸ್ಪತ್ರೆಗೆ ಕಳುಹಿಸುತ್ತ, ಇನ್ನೊಂದು ಕೈಯಿಂದ ಅವರನ್ನು ನೋಡಿಕೊಳ್ಳುವವರನ್ನು ಅಲ್ಲಿಂದಲೇ ಕಿತ್ತುಕೊಳ್ಳುತ್ತಿದ್ದೆವು.

ಇದರ ಬೆಲೆ ತೆತ್ತವರು ಎರಡೂ ಕಡೆಯ ಬಡವರು. ಹೆರಿಗೆಗೆ ಬಂದ ಹಳ್ಳಿಯ ಹೆಂಗಸರಿಗೆ ಹಾಸಿಗೆ ಸಿಗದೆ ಅವರು ನೆಲದಲ್ಲಿ ಮಲಗುವಂತಾಯಿತು, ‘ನಮ್ಮ ಆಸ್ಪತ್ರೆ ಈಗ ನಮ್ಮದಲ್ಲ’ ಎಂಬ ಮಾತು ಹಬ್ಬಿತು. ಸಿಬ್ಬಂದಿ ಸೋತುಹೋಗಿ, ಫೋನ್ ಮಾಡದೆ ಬಂದ ಶಿಬಿರದ ರೋಗಿಗಳನ್ನು ರಾತ್ರಿ ಹೊತ್ತಿನಲ್ಲಿ ಹಿಂದಿರುಗಿಸತೊಡಗಿದರು. ಮಗು ಅಡ್ಡಲಾಗಿದ್ದ ಒಬ್ಬ ತಾಯಿಯನ್ನು ಮೊದಲು ಅನುಮತಿಪತ್ರಕ್ಕಾಗಿ ಕಾಯಿಸಿ, ಅನಂತರ ಉಪಜಿಲ್ಲಾ ಆಸ್ಪತ್ರೆಯ ಬಾಗಿಲಿನಿಂದ ಮುಂದಕ್ಕೆ ಸಾಗಿಸಿ, ಕೊನೆಗೆ ಜಿಲ್ಲಾ ಕೇಂದ್ರಕ್ಕೆ ತಲುಪಿಸುವಷ್ಟರಲ್ಲಿ ಮಗು ಉಳಿದಿರಲಿಲ್ಲ. ತಾಯಿ ಬದುಕಿದರು. ಗರ್ಭಿಣಿಯರಲ್ಲಿ ನೂರಕ್ಕೆ ಸುಮಾರು 15 ಮಂದಿಗೆ ತೊಡಕು ಉಂಟಾಗುತ್ತದೆಂಬ ಲೆಕ್ಕ ತುರ್ತು ಪರಿಸ್ಥಿತಿಯ ಪ್ರತಿಯೊಂದು ಯೋಜನೆಯಲ್ಲೂ ಇರುತ್ತದೆ, ನನ್ನ ಯೋಜನೆಯಲ್ಲೂ ಇತ್ತು. ಆ ಹದಿನೈದು ಮಂದಿ ಯಾವ ದಾರಿಯಿಂದ ಎಲ್ಲಿಗೆ ಹೋಗುತ್ತಾರೆಂಬುದು ಮಾತ್ರ ಇರಲಿಲ್ಲ.

ಅನಂತರ ನಡೆದದ್ದರಲ್ಲಿ ದೊಡ್ಡ ಯುಕ್ತಿಯೇನೂ ಇರಲಿಲ್ಲ. ನಾನು ಆಸ್ಪತ್ರೆಗೆ ಹೋಗಿ, ಹೊರರೋಗಿ ವಿಭಾಗ ಮುಗಿಯುವವರೆಗೆ ಹೊರಗೆ ಕುಳಿತು, ಮುಖ್ಯಸ್ಥರೊಂದಿಗೆ ಮಾತನಾಡಿದೆ. ಅವರ ಬಳಿ ನನ್ನ ಎಲ್ಲ ಪ್ರಶ್ನೆಗಳಿಗೂ ಉತ್ತರ ಸಿದ್ಧವಿತ್ತು. ಯಾರೂ ಕೇಳಿರಲಿಲ್ಲ, ಅಷ್ಟೇ. ರೆಫರಲ್ ಕುರಿತ ಸಭೆಯನ್ನು ಮಧ್ಯಾಹ್ನಕ್ಕೆ, ಅವರದೇ ಕಟ್ಟಡಕ್ಕೆ, ಬಂಗಾಳಿ ಭಾಷೆಗೆ ವರ್ಗಾಯಿಸಿದೆವು, ಅವರೇ ಅದರ ಅಧ್ಯಕ್ಷರಾದರು. ಎಲ್ಲ ಸಂಸ್ಥೆಗಳಿಗೂ ಒಂದೇ ರೆಫರಲ್ ಚೀಟಿ ಮತ್ತು ರೋಗಿಯನ್ನು ಹೊರಡಿಸುವ ಮೊದಲು ಕರೆ ಮಾಡಬೇಕಾದ ಒಂದೇ ಫೋನ್ ಸಂಖ್ಯೆ ನಿಗದಿಯಾಯಿತು. ಎರಡು ಸಂಸ್ಥೆಗಳು ಹೊಸ ಘಟಕಗಳ ಯೋಜನೆಯನ್ನು ಕೈಬಿಟ್ಟು, ಅದೇ ಹಣದಲ್ಲಿ ಆಸ್ಪತ್ರೆಗೆ ನರ್ಸುಗಳು, ಸೂಲಗಿತ್ತಿಯರು ಮತ್ತು ರಾತ್ರಿ ಪಾಳಿಯ ವೈದ್ಯರನ್ನು ಒದಗಿಸಲು ಒಪ್ಪಿದವು. ದಾನಿಗಳನ್ನು ಒಪ್ಪಿಸುವುದೇ ಅತ್ಯಂತ ಕಷ್ಟವಾಯಿತು, ಏಕೆಂದರೆ ಫಲಕ ಹಾಕಬಹುದಾದ ಹೊಸ ಚಿಕಿತ್ಸಾಲಯವನ್ನು ಅವರಿಗೆ ತೋರಿಸಬಹುದು, ರಾತ್ರಿ ಪಾಳಿಯನ್ನು ತೋರಿಸಲಾಗುವುದಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಅದನ್ನು ನೀವು ಇಟ್ಟ ರೂಪದಲ್ಲಿ ನಾನು ಒಪ್ಪುವುದಿಲ್ಲ. ಪ್ರತ್ಯೇಕವೋ ಜೋಡಣೆಯೋ ಎಂಬುದನ್ನು ಇಡೀ ವ್ಯವಸ್ಥೆಗೆ ಒಮ್ಮೆಲೇ ತೀರ್ಮಾನಿಸಲು ಬರುವುದಿಲ್ಲ. ಮಳೆಗಾಲದಲ್ಲಿ ಕೆಸರಿನಲ್ಲಿ ಹತ್ತಿ ಹೋಗಬೇಕಾದ ಗುಡ್ಡದ ಮೇಲೆ ಜ್ವರ, ಭೇದಿ ಮತ್ತು ಗಾಯಗಳಿಗೆ ಒಂದು ಘಟಕ ಬೇಕೇಬೇಕು, ಅದು ಪ್ರತ್ಯೇಕವಾಗಿಯೇ ಇರುತ್ತದೆ. ಶಸ್ತ್ರಚಿಕಿತ್ಸೆ ಮತ್ತು ರಕ್ತನಿಧಿಯ ವಿಷಯದಲ್ಲಿ ನೀವು ಏನನ್ನು ತೀರ್ಮಾನಿಸಿದರೂ ಎರಡೂ ಸಮುದಾಯಗಳು ಕೊನೆಗೆ ಒಂದೇ ಬಾಗಿಲಿಗೆ ಬಂದು ನಿಲ್ಲುತ್ತವೆ. ಸಾಂಕ್ರಾಮಿಕ ರೋಗಗಳಂತೂ ಶಿಬಿರದ ಬೇಲಿಯನ್ನು ಲೆಕ್ಕಿಸುವುದಿಲ್ಲ. ರಖೈನ್‌ನಲ್ಲಿ ವಾಡಿಕೆಯ ಲಸಿಕೆಗಳು ಸರಿಯಾಗಿ ಸಿಗದಿದ್ದ ಕಾರಣ 2017ರ ನವೆಂಬರ್ ಮತ್ತು ಡಿಸೆಂಬರ್‌ನಲ್ಲಿ ಶಿಬಿರಗಳಲ್ಲಿ ಡಿಫ್ತೀರಿಯಾ ಹರಡಿದಾಗ, ಸ್ಥಳೀಯರಲ್ಲೂ ಕೆಲವು ಪ್ರಕರಣಗಳು ಕಂಡುಬಂದವು. ಕಾಲರಾ ಲಸಿಕೆಯ ಅಭಿಯಾನ 2017ರ ಅಕ್ಟೋಬರ್‌ನಲ್ಲಿ ಶಿಬಿರಗಳ ಜನರಿಗಾಗಿ ಆರಂಭವಾದರೆ, 2018ರ ಮೇ ತಿಂಗಳ ಅಭಿಯಾನದಲ್ಲಿ ಸುತ್ತಲಿನ ಹಳ್ಳಿಗಳನ್ನೂ ಸೇರಿಸಲಾಯಿತು. ಅದು ಸರಿಯಾದ ತೀರ್ಮಾನವಾಗಿತ್ತು.

‘ಆತಿಥೇಯ ಸಮುದಾಯ’ ಎಂಬ ತಲೆಬರಹದ ಕೆಳಗೆ ಬಜೆಟ್ಟಿನ ಒಂದು ಪಾಲನ್ನು ಬರೆದು, ಅವರಿಗೂ ಒಂದು ವೈದ್ಯಕೀಯ ಶಿಬಿರ ನಡೆಸಿದರೆ ಸಮತೋಲನವಾಯಿತೆಂದು ಹೇಳುವವರು ನಿಮಗೆ ಸಿಗುತ್ತಾರೆ. ದಯವಿಟ್ಟು ಅವರ ಮಾತನ್ನು ಕೇಳಬೇಡಿ. ಹಳ್ಳಿಯವರು ಕೇಳುತ್ತಿರುವುದು ಮೊದಲಿದ್ದ ಸೇವೆ ಕುಗ್ಗದಿರಲಿ ಎಂದು, ಮತ್ತು ಅದನ್ನು ಅಳೆಯುವುದು ಸುಲಭ: ನಿರಾಶ್ರಿತರು ಬರುವ ಮೊದಲಿನ ವರ್ಷದಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಸ್ಥಳೀಯರ ಹೆರಿಗೆಗಳು ಎಷ್ಟಾಗಿದ್ದವು, ಈಗ ಎಷ್ಟಾಗುತ್ತಿವೆ ಎಂಬುದನ್ನು ತಿಂಗಳಿಗೊಮ್ಮೆ ದಾಖಲೆ ಪುಸ್ತಕದಿಂದ ಬರೆದುಕೊಳ್ಳಿ. ಸಂಖ್ಯೆ ಇಳಿಯುತ್ತಿದ್ದರೆ ನಿಮ್ಮ ನೆರವು ಯಾರದೋ ಪಾಲನ್ನು ಕಿತ್ತುಕೊಳ್ಳುತ್ತಿರಬಹುದು, ಕಾರಣವನ್ನು ಆ ವಾರವೇ ಹುಡುಕಿ.

ಸಂಬಳದ ವಿಷಯವನ್ನು ಮೊದಲ ತಿಂಗಳಲ್ಲೇ ಎತ್ತಿಕೊಳ್ಳಿ. ಸ್ಥಳೀಯ ನರ್ಸುಗಳ ವೇತನಕ್ಕೆ ಎಲ್ಲ ಸಂಸ್ಥೆಗಳೂ ಒಂದೇ ಮಿತಿಯನ್ನು ಒಪ್ಪಿಕೊಳ್ಳದಿದ್ದರೆ ಉಳಿದ ಯಾವ ಒಪ್ಪಂದವೂ ನಿಲ್ಲುವುದಿಲ್ಲ, ಮತ್ತು ಒಮ್ಮೆ ಏರಿದ ಸಂಬಳವನ್ನು ಯಾರೂ ಇಳಿಸುವುದಿಲ್ಲ. ಸರ್ಕಾರಿ ಹುದ್ದೆಯಲ್ಲಿರುವವರನ್ನು ಸೇರಿಸಿಕೊಳ್ಳುವ ಸಂಸ್ಥೆ ಅವರ ಜಾಗಕ್ಕೆ ಇನ್ನೊಬ್ಬರನ್ನು ಒದಗಿಸಬೇಕೆಂದು ಬರಹದಲ್ಲಿ ಒಪ್ಪಿಸಿಕೊಳ್ಳಿ.

ಹೊಸ ಘಟಕವೊಂದಕ್ಕೆ ಒಪ್ಪಿಗೆ ಕೊಡುವ ಮುನ್ನ, ಅಲ್ಲಿಂದ ರಾತ್ರಿ ಎರಡು ಗಂಟೆಗೆ ಹೊರಡುವ ಗರ್ಭಿಣಿಯ ದಾರಿಯನ್ನು ಆ ಸಂಸ್ಥೆಯವರಿಂದಲೇ ಹಂತಹಂತವಾಗಿ ಬರೆಸಿ: ಅನುಮತಿ ಕೊಡುವವರು, ವಾಹನ, ಚಾಲಕ, ಕರೆ ಸ್ವೀಕರಿಸುವ ವೈದ್ಯರು, ಖರ್ಚು ಭರಿಸುವವರು, ಭಾಷೆ ಅರ್ಥಮಾಡಿಸುವವರು, ಮರಳಿ ಕರೆತರುವವರು. ಆ ಹಾಳೆಗೆ ಆಸ್ಪತ್ರೆಯ ಮುಖ್ಯಸ್ಥರ ಸಹಿ ಬೀಳುವವರೆಗೆ ಘಟಕದ ಹೆಸರನ್ನು ನಿಮ್ಮ ಕೋಷ್ಟಕಕ್ಕೆ ಸೇರಿಸಬೇಡಿ.