ವಿಡಿಯೋ ನೋಡಿಯೇ ನೆಟ್‌ವರ್ಕಿಂಗ್, ಸಿಸ್ಟಂ ಅಡ್ಮಿನ್ ಕೆಲಸ ಕಲಿಯಬಹುದಾ?

ನೀವು ಬಿ.ಕಾಂ ಮುಗಿಸಿ ಉಡುಪಿಯ ಅಂಗಡಿಯೊಂದರಲ್ಲಿ ಬಿಲ್ಲಿಂಗ್ ನೋಡಿಕೊಳ್ಳುತ್ತಿದ್ದೀರಿ. ಕೋರ್ಸಿಗೆ ದುಡ್ಡು ಸುರಿಯದೆ, ಬರೀ ಯೂಟ್ಯೂಬ್ ನೋಡಿ ಈ ಕೆಲಸಕ್ಕೆ ಬರಬಹುದಾ ಅಂತ ಕೇಳಿದ್ದೀರಿ. ಬರಬಹುದು. ನಾನು ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಸರ್ವರ್, ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ಕಲಿತದ್ದರಲ್ಲಿ ಹೆಚ್ಚಿನದು ವಿಡಿಯೋಗಳಿಂದಲೇ.

ಒಂದು ತೊಂದರೆ ಇದೆ. ವಿಡಿಯೋದಲ್ಲಿ ಎಲ್ಲವೂ ಸಲೀಸಾಗಿ ನಡೆಯುತ್ತದೆ. ಕಮಾಂಡ್ ಹೊಡೆದರು, ಉತ್ತರ ಬಂತು, ಮುಂದಿನ ಪಾಠ. ಇಲ್ಲಿ ನಮ್ಮನ್ನು ಇಟ್ಟುಕೊಂಡಿರುವುದೇ ನಡೆಯದೆ ಇದ್ದಾಗ ನೋಡಿಕೊಳ್ಳಲಿಕ್ಕೆ. ಹಾಗಾಗಿ ನೋಡಿದ್ದನ್ನು ಅದೇ ದಿನ ನಿಮ್ಮ ಲ್ಯಾಪ್‌ಟಾಪಿನಲ್ಲಿ ಕಟ್ಟಿ, ಬೇಕಂತಲೇ ಕೆಡಿಸಿ, ಮತ್ತೆ ಸರಿಮಾಡಿ. ಅರ್ಧ ಗಂಟೆ ವಿಡಿಯೋಕ್ಕೆ ಒಂದೂವರೆ ಗಂಟೆ ಇದಕ್ಕೆ ಹೋದರೂ ಪರವಾಗಿಲ್ಲ.

ಯಾವುದನ್ನು ನೋಡುವುದು? ನೆಟ್‌ವರ್ಕಿಂಗಿಗೆ 'ಜೆರೆಮೀಸ್ ಐಟಿ ಲ್ಯಾಬ್' ಚಾನೆಲಿನ ಸಿಸಿಎನ್‌ಎ (ಸಿಸ್ಕೊ ಕಂಪನಿಯ ನೆಟ್‌ವರ್ಕಿಂಗ್ ಸರ್ಟಿಫಿಕೇಟ್ ಪರೀಕ್ಷೆ) ಸರಣಿ ಸಾಕು, ಪೂರ್ತಿ ಉಚಿತ. ತೀರಾ ಬುಡದಿಂದ ಬೇಕೆಂದರೆ 'ಪ್ರೊಫೆಸರ್ ಮೆಸ್ಸರ್' ಅವರ ನೆಟ್‌ವರ್ಕ್ ಪ್ಲಸ್ ಎಂಬ ಆರಂಭಿಕ ಪರೀಕ್ಷೆಯ ಪಾಠಗಳಿವೆ. ಎರಡರಲ್ಲಿ ಒಂದನ್ನು ಹಿಡಿದು ಮುಗಿಸಿ. ಐದು ಚಾನೆಲಿನಿಂದ ಚೂರು ಚೂರು ನೋಡಿದವರು ಸಬ್‌ನೆಟ್ಟಿನಲ್ಲೇ (ನೆಟ್‌ವರ್ಕನ್ನು ಚಿಕ್ಕ ಭಾಗ ಮಾಡುವ ಲೆಕ್ಕ) ಸಿಕ್ಕಿಹಾಕಿಕೊಂಡಿರುತ್ತಾರೆ. ಐಐಟಿಗಳ ಆನ್‌ಲೈನ್ ಪಾಠಗಳಾದ ಎನ್‌ಪಿಟಿಇಎಲ್ ಉಪನ್ಯಾಸಗಳು ಒಳ್ಳೆಯವೇ, ಆದರೆ ಅವು ಕಾಲೇಜು ಪಾಠದ ರೀತಿ. ಕೆಲಸ ಬೇಕಾದವರಿಗೆ ಎರಡನೇ ಸುತ್ತಿಗೆ ಇರಲಿ.

ವಿಡಿಯೋದ ತಾರೀಕು ನೋಡುವುದನ್ನು ಮರೆಯಬೇಡಿ. ಸಿಸ್ಕೊ ಕಂಪನಿ 2020ರ ಫೆಬ್ರವರಿಯಲ್ಲಿ ಸಿಸಿಎನ್‌ಎ ಪರೀಕ್ಷೆಯನ್ನೇ ಬದಲಾಯಿಸಿತು. ಸರ್ವರುಗಳಲ್ಲಿ ಓಡುವ ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ಪಾಠಗಳಲ್ಲಿ ಈಗಲೂ ಸೆಂಟ್‌ಒಎಸ್ 7 ಎಂಬ ಆವೃತ್ತಿ ಕಾಣುತ್ತದೆ. ಅದರ ಬೆಂಬಲ 2024ರ ಜೂನ್ 30ಕ್ಕೆ ಮುಗಿಯಿತು. ಅದರ ಬದಲು ರಾಕಿ ಲಿನಕ್ಸ್ ಅಥವಾ ಆಲ್ಮಾ ಲಿನಕ್ಸ್ ಹಾಕಿಕೊಳ್ಳಿ.

ಕನ್ನಡದ ವಿಡಿಯೋಗಳ ಬಗ್ಗೆಯೂ ಕೇಳಿದ್ದೀರಿ. ಮೊದಲ ಸಲ ವಿಷಯ ಅರ್ಥವಾಗಲಿಕ್ಕೆ ಖಂಡಿತ ನೋಡಿ, ನಾಚಿಕೆ ಏನೂ ಬೇಡ. ಆದರೆ ಎರರ್ ಮೆಸೇಜ್ ಬರುವುದು ಇಂಗ್ಲಿಷಿನಲ್ಲಿ. ಅದನ್ನು ಪೂರ್ತಿ ಓದುವ ಅಭ್ಯಾಸ ಬೇಕು. ಅರ್ಧ ಜನ ಓದುವುದೇ ಇಲ್ಲ ಮಾರಾಯ್ರೆ, ನೇರ ಫೋಟೊ ತೆಗೆದು ವಾಟ್ಸಾಪಿಗೆ ಹಾಕುತ್ತಾರೆ.

8 ಜಿಬಿ ರ‍್ಯಾಮ್ ಇರುವ ಹಳೆಯ ಲ್ಯಾಪ್‌ಟಾಪ್ ಸಾಕು. ಒಂದು ಕಂಪ್ಯೂಟರಿನೊಳಗೆ ಬೇರೆ ಕಂಪ್ಯೂಟರುಗಳನ್ನು ಓಡಿಸುವ ವರ್ಚುವಲ್‌ಬಾಕ್ಸ್ ಹಾಕಿ, ಡೆಸ್ಕ್‌ಟಾಪ್ ಇಲ್ಲದ ಲಿನಕ್ಸ್ ಸರ್ವರ್ ಎರಡು ಓಡಿಸಬಹುದು. ಸ್ವಿಚ್, ರೂಟರ್ ಅಭ್ಯಾಸಕ್ಕೆ ಪ್ಯಾಕೆಟ್ ಟ್ರೇಸರ್ ಎಂಬ ಸಿಮ್ಯುಲೇಟರ್ ಇದೆ. ಸಿಸ್ಕೊ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಖಾತೆ ತೆರೆದರೆ ಅದೂ ಉಚಿತ. ವರ್ಚುವಲ್‌ಬಾಕ್ಸಿನಲ್ಲಿ 'ಇಂಟರ್ನಲ್ ನೆಟ್‌ವರ್ಕ್' ಆರಿಸಿಕೊಳ್ಳಿ. ಬ್ರಿಡ್ಜ್ ಹಾಕಿ (ಅಂದರೆ ಮನೆಯ ನೆಟ್‌ವರ್ಕಿಗೇ ಸೇರಿಸಿ) ಡಿಎಚ್‌ಸಿಪಿ ಸರ್ವರ್, ಅಂದರೆ ಮೆಷಿನುಗಳಿಗೆ ಐಪಿ ವಿಳಾಸ ಹಂಚುವ ಸರ್ವರ್, ಓಡಿಸಿದರೆ ಅದು ಮನೆಯ ವೈಫೈ ರೂಟರ್ ಜೊತೆ ಜಗಳಕ್ಕೆ ನಿಲ್ಲುತ್ತದೆ. ಮನೆಯವರ ಫೋನಿಗೂ ನೆಟ್ ಹೋಗುತ್ತದೆ, ಬೈಗುಳ ನಿಮಗೆ. ಅಂಗಡಿಯ ನೆಟ್‌ವರ್ಕಿನಲ್ಲಂತೂ ಯಾವ ಪ್ರಯೋಗವೂ ಬೇಡ.

ಈಗ ಕೆಡಿಸುವ ವಿಷಯ. ಒಂದು ಸರ್ವರಿನಲ್ಲಿ ಡಿಎಚ್‌ಸಿಪಿ ಹಾಕಿ, ಇನ್ನೊಂದು ಮೆಷಿನ್ ಅದರಿಂದ ವಿಳಾಸ ತೆಗೆದುಕೊಳ್ಳಲಿ. ಪಕ್ಕದಲ್ಲಿ ನೆಟ್‌ವರ್ಕಿನ ಸಂದೇಶಗಳನ್ನು ತೋರಿಸುವ ವೈರ್‌ಶಾರ್ಕ್ ತೆರೆದಿಟ್ಟರೆ ಡಿಸ್ಕವರ್, ಆಫರ್, ರಿಕ್ವೆಸ್ಟ್, ಅಕ್ನಾಲೆಜ್ ನಾಲ್ಕೂ ಒಂದರ ಹಿಂದೆ ಒಂದು ಹೋಗುವುದು ಕಾಣುತ್ತದೆ. ನಂತರ ಡಿಎಚ್‌ಸಿಪಿ ನಿಲ್ಲಿಸಿ, ಕೇಳಿದ ಮೆಷಿನಿನ ಕಡೆ ನೋಡಿ. ಅದು ವಿಂಡೋಸ್ ಆಗಿದ್ದರೆ 169.254 ಅಂತ ಶುರುವಾಗುವ ವಿಳಾಸವನ್ನು ತಾನೇ ಹಾಕಿಕೊಳ್ಳುತ್ತದೆ. ಮುಂದೆ ಯಾರದೋ ಕಂಪ್ಯೂಟರಿನಲ್ಲಿ ಆ ಅಂಕಿ ಕಂಡ ಕೂಡಲೇ ನಿಮಗೆ ಗೊತ್ತಾಗುತ್ತದೆ, ಡಿಎಚ್‌ಸಿಪಿಯಿಂದ ಉತ್ತರ ಬಂದಿಲ್ಲ.

ಆಮೇಲೆ ಇಂಟರ್ನಲ್ ಬಿಟ್ಟು 'ನ್ಯಾಟ್ ನೆಟ್‌ವರ್ಕ್' ಆರಿಸಿ (ಇಂಟರ್ನಲ್ ನೆಟ್‌ವರ್ಕಿನಿಂದ ಹೊರಗೆ ದಾರಿ ಇಲ್ಲ), ಗೇಟ್‌ವೇ, ಅಂದರೆ ಹೊರಗೆ ಹೋಗುವ ದಾರಿಯ ವಿಳಾಸ, ತಪ್ಪು ಕೊಡಿ. ಪಕ್ಕದ ಮೆಷಿನಿಗೆ ಪಿಂಗ್ (ಇದ್ದೀಯಾ ಅಂತ ಕೇಳುವ ಕಮಾಂಡ್) ಹೋಗುತ್ತದೆ, ಹೊರಗೆ ಹೋಗುವುದಿಲ್ಲ. ಗೇಟ್‌ವೇ ಸರಿಮಾಡಿ, ಹೆಸರನ್ನು ಐಪಿ ವಿಳಾಸಕ್ಕೆ ಬದಲಿಸುವ ಡಿಎನ್‌ಎಸ್ ತಪ್ಪು ಕೊಡಿ. ಗೂಗಲಿನ 8.8.8.8 ವಿಳಾಸಕ್ಕೆ ಪಿಂಗ್ ಹೋಗುತ್ತದೆ, ಹೆಸರು ಹಾಕಿದರೆ ಏನೂ ತೆರೆಯುವುದಿಲ್ಲ. ಫೋನ್ ಮಾಡುವವರಿಗೆ ಈ ಮೂರೂ ಒಂದೇ, "ನೆಟ್ ಇಜ್ಜಿ" (ತುಳುವಿನಲ್ಲಿ, ನೆಟ್ ಇಲ್ಲ) ಅಷ್ಟೆ. ಮೂರನ್ನೂ ಬೇರೆ ಬೇರೆ ಗುರುತಿಸುವುದು ನಿಮ್ಮ ಕೆಲಸ. ಒಂದೇ ಐಪಿಯನ್ನು ಎರಡು ಮೆಷಿನಿಗೆ ಕೊಟ್ಟು ನೋಡುವುದನ್ನೂ ಬಿಡಬೇಡಿ. ಒಮ್ಮೆ ಬರುತ್ತದೆ, ಒಮ್ಮೆ ಇಲ್ಲ. ಅಂಥದ್ದನ್ನು ಹುಡುಕುವುದೇ ಹೆಚ್ಚು ಕಷ್ಟ.

ಲಿನಕ್ಸಿನಲ್ಲಿ ನಾನು ಹೊಸಬರಿಗೆ ಕೊಡುವ ಪಾಠ ಡಿಸ್ಕ್ ತುಂಬುವುದು. ಚಿಕ್ಕ ಡಿಸ್ಕ್ ಮಾಡಿ, ಲಾಗ್ ಫೈಲನ್ನು (ಪ್ರೋಗ್ರಾಂ ತನ್ನ ಕೆಲಸದ ದಾಖಲೆ ಬರೆಯುತ್ತಾ ಹೋಗುವ ಫೈಲ್) ಬೇಕಂತಲೇ ಬೆಳೆಸಿ. ಆ ಡಿಸ್ಕಿನಲ್ಲಿ ಡೇಟಾಬೇಸ್ ಇದ್ದರೆ ಅದು ನಿಲ್ಲುತ್ತದೆ. ಆಗ ಆ ದೊಡ್ಡ ಫೈಲನ್ನು ಅಳಿಸಿ. ಜಾಗ ಬರುತ್ತದೆ ಅಂದುಕೊಳ್ಳುತ್ತೀರಿ, ಬರುವುದಿಲ್ಲ! ಡಿಎಫ್ ಕಮಾಂಡ್ ಡಿಸ್ಕ್ ತುಂಬಿದೆ ಅನ್ನುತ್ತದೆ, ಡಿಯು ಕಮಾಂಡ್ ಲೆಕ್ಕ ಹಾಕಿದರೆ ಅಷ್ಟು ಫೈಲುಗಳೇ ಇಲ್ಲ. ಕಾರಣ ಇಷ್ಟೆ. ಫೈಲಿನ ಹೆಸರು ಹೋಯಿತು, ಆದರೆ ಅದನ್ನು ತೆರೆದಿಟ್ಟ ಪ್ರೋಗ್ರಾಂ ಇನ್ನೂ ಬಿಟ್ಟಿಲ್ಲ. ಅದು ಬಿಡುವವರೆಗೆ ಜಾಗ ವಾಪಸ್ ಬರುವುದಿಲ್ಲ. ಎಲ್‌ಎಸ್‌ಒಎಫ್ ಕಮಾಂಡಿನಲ್ಲಿ ಆ ಪ್ರೋಗ್ರಾಂ ಯಾವುದು ಅಂತ ಹುಡುಕಿ, ಆ ಸರ್ವಿಸ್ ಮರುಚಾಲನೆ ಮಾಡಿದರೆ ಸರಿಹೋಗುತ್ತದೆ. ಇದನ್ನು ಮಾಡಿ ನೋಡಿದವರಿಗೆ ಲಿನಕ್ಸ್ ಫೈಲನ್ನು ಹೇಗೆ ಇಟ್ಟುಕೊಳ್ಳುತ್ತದೆ ಅನ್ನುವುದನ್ನು ಮತ್ತೆ ಯಾರೂ ವಿವರಿಸಬೇಕಾಗಿಲ್ಲ. ಅದು ಮುಗಿದ ಮೇಲೆ ಬೂಟ್ ಆಗುವಾಗ ಯಾವ ಡಿಸ್ಕ್ ಸೇರಿಸಬೇಕು ಅಂತ ಹೇಳುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಒಂದು ಸಾಲು ತಪ್ಪಾಗಿ ಬರೆದು ರೀಬೂಟ್ ಮಾಡಿ. ಪೂರ್ತಿ ಏಳದೆ ಎಮರ್ಜೆನ್ಸಿ ಮೋಡಿಗೆ (ರಿಪೇರಿಗೆ ನಿಲ್ಲುವ ಸ್ಥಿತಿ) ಬಿದ್ದರೆ ಅಲ್ಲಿಂದ ಎಬ್ಬಿಸುವುದನ್ನು ಕಲಿಯಿರಿ. ಮುಂಚೆ ಸ್ನ್ಯಾಪ್‌ಶಾಟ್ (ಮೆಷಿನಿನ ಆ ಹೊತ್ತಿನ ಸ್ಥಿತಿಯ ಪ್ರತಿ) ತೆಗೆದಿಡಿ, ಅಲ್ವಾ, ಇಲ್ಲದಿದ್ದರೆ ಎಲ್ಲ ಮೊದಲಿಂದ.

ಯಾವ ವಿಡಿಯೋದಲ್ಲೂ ಸರಿಯಾಗಿ ಸಿಗದ್ದು ನಮ್ಮೂರಿನ ಸಂಗತಿ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆ, ಮತ್ತೆ ಅಕ್ಟೋಬರಿನದ್ದು, ನೆಟ್‌ವರ್ಕಿನವರಿಗೆ ಪರೀಕ್ಷೆಯ ಕಾಲ. ಎರಡು ಕಟ್ಟಡಗಳ ನಡುವೆ ತಾಮ್ರದ ಕೇಬಲ್ ಎಳೆದಿದ್ದರೆ ಹತ್ತಿರ ಸಿಡಿಲು ಹೊಡೆದಾಗ ಸ್ವಿಚ್ಚಿನ ಪೋರ್ಟುಗಳು ಸುಟ್ಟು ಹೋಗಬಹುದು. ಫೈಬರಿನಲ್ಲಿ ಹರಿಯುವುದು ಬೆಳಕು, ಕರೆಂಟ್ ಅಲ್ಲ. ಹಾಗಾಗಿ ಕಟ್ಟಡದಿಂದ ಕಟ್ಟಡಕ್ಕೆ ಫೈಬರೇ ಬೇಕು ಅಂತ ನಾವು ಹಟ ಹಿಡಿಯುವುದು. ತಾಮ್ರದ ಕೇಬಲಿಗೆ 100 ಮೀಟರ್ ಮಿತಿ ಇರುವುದು ಇನ್ನೊಂದು ಕಾರಣ. ಅರ್ಥಿಂಗ್ ಸರಿ ಉಂಟಾ, ಯುಪಿಎಸ್ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಕರೆಂಟ್ ಬಂದ ಮೇಲೆ ಸರ್ವರುಗಳು ಯಾವ ಕ್ರಮದಲ್ಲಿ ಏಳಬೇಕು, ಇದೆಲ್ಲ ನಮ್ಮ ಕೆಲಸವೇ. ಕೇಬಲಿನ ತುದಿಗೆ ಕನೆಕ್ಟರ್ ಒತ್ತುವ ಕ್ರಿಂಪಿಂಗ್ ಟೂಲ್ ಒಂದು ಕೊಂಡು ನಾಲ್ಕು ಕೇಬಲ್ ಕಟ್ಟಿ ಅಭ್ಯಾಸ ಮಾಡಿ. ಎಂಟು ತಂತಿಗಳ ಕ್ರಮ ಕೈಗೆ ಬರಬೇಕು. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು.

ಸರ್ಟಿಫಿಕೇಟ್ ಬೇಕಾ? ನಿಮ್ಮದು ಬಿ.ಕಾಂ ಆದ್ದರಿಂದ ಒಂದು ಇದ್ದರೆ ಒಳ್ಳೆಯದು. ಅರ್ಜಿಗಳನ್ನು ಜರಡಿ ಹಿಡಿಯುವಾಗ ಅದು ಉಪಯೋಗಕ್ಕೆ ಬರುತ್ತದೆ. ಸಿಸಿಎನ್‌ಎ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ, ಶುಲ್ಕ ಜಾಸ್ತಿ. ಲಿನಕ್ಸ್ ಕಡೆಗೆ ರೆಡ್ ಹ್ಯಾಟ್ ಕಂಪನಿಯ ಆರ್‌ಎಚ್‌ಸಿಎಸ್‌ಎ ಪರೀಕ್ಷೆ ನನಗೆ ಹೆಚ್ಚು ಇಷ್ಟ. ಅದರಲ್ಲಿ ಸರಿ ಉತ್ತರಕ್ಕೆ ಟಿಕ್ ಹಾಕುವುದು ಇಲ್ಲ, ಮೆಷಿನ್ ಎದುರು ಕೂತು ಕೆಲಸ ಮಾಡಿ ತೋರಿಸಬೇಕು. ಮೊದಲು ಕಲಿಯಿರಿ, ದುಡ್ಡು ಕಟ್ಟುವುದು ಆಮೇಲೆ.

ಸಂದರ್ಶನದಲ್ಲಿ ನಾನು ಹೊಸಬರಿಗೆ ಕೇಳುವುದು ಒಂದೇ ಬಗೆಯ ಪ್ರಶ್ನೆ. "ಎರಡನೇ ಮಹಡಿಯಲ್ಲಿ ಒಬ್ಬರಿಗೆ ಮಾತ್ರ ನೆಟ್ ಇಲ್ಲ, ಉಳಿದವರಿಗೆ ಇದೆ. ಎಲ್ಲಿಂದ ಶುರು ಮಾಡುತ್ತೀರಿ?" ನೆಟ್‌ವರ್ಕನ್ನು ವಿವರಿಸುವ ಓಎಸ್‌ಐ ಮಾದರಿಯ ಏಳು ಪದರಗಳನ್ನು ಬಾಯಿಪಾಠ ಒಪ್ಪಿಸುವವರು ತುಂಬ ಜನ. ಕೇಬಲ್ ಸಿಕ್ಕಿಸಿದೆಯಾ, ಪೋರ್ಟಿನ ಲೈಟ್ ಉರಿಯುತ್ತಿದೆಯಾ, ಐಪಿ ಯಾವುದು ಬಂದಿದೆ ಅಂತ ವಾಪಸ್ ಕೇಳುವವರು ಕಡಿಮೆ. ಕೇಳಿದವರು ನನ್ನ ಪಟ್ಟಿಯಲ್ಲಿ ಮೇಲೆ ಹೋಗುತ್ತಾರೆ. ಡಿಗ್ರಿ ಯಾವುದು ಅಂತ ಆಮೇಲೆ ನೋಡುತ್ತೇನೆ.

ನೇರವಾಗಿ ಸಿಸ್ಟಂ ಅಡ್ಮಿನ್ ಕೆಲಸ ಸಿಗುವುದು ಕಷ್ಟ. ಉಡುಪಿ, ಮಣಿಪಾಲ, ಮಂಗಳೂರಿನ ಆಸ್ಪತ್ರೆ, ಕಾಲೇಜು, ಸಹಕಾರಿ ಸಂಘಗಳಲ್ಲಿ ಡೆಸ್ಕ್‌ಟಾಪ್ ಸಪೋರ್ಟ್ ಕೆಲಸಕ್ಕೆ ಅರ್ಜಿ ಹಾಕಿ. ಪ್ರಿಂಟರ್ ರಿಪೇರಿಯೇ ಜಾಸ್ತಿ ಇರುತ್ತದೆ, ಸಂಬಳವೂ ಅಷ್ಟಕ್ಕಷ್ಟೆ. ಆದರೆ ಸರ್ವರ್ ರೂಮಿಗೆ ಹೋಗಿ ಬರುವ ಅವಕಾಶ ಸಿಗುತ್ತದೆ. ಬಿಲ್ಲಿಂಗ್ ಗೊತ್ತಿರುವುದನ್ನು ಅರ್ಜಿಯಲ್ಲಿ ಬರೆಯಿರಿ. ಅಕೌಂಟ್ಸ್ ವಿಭಾಗದವರ ಕಷ್ಟ ಅರ್ಥವಾಗುವ ಸಪೋರ್ಟ್ ಹುಡುಗರು ನಮಗೆ ಸಿಗುವುದೇ ಅಪರೂಪ.