ಜೇನು ಬಲ್ಲವನೋ, ಜೇನು ತಿನ್ನುವವನೋ?

ಪ್ರಶ್ನೆ: ಮಗಳು ರಷ್ಯಾದಲ್ಲಿ ಎಂಬಿಬಿಎಸ್ ಓದುತ್ತಿದ್ದಾಳೆ. ರಜೆಗೆ ಬರುವಾಗ ಒಂದು ಬಾಟಲಿ ಜೇನು ತಂದಳು, ಮೇಲೆ ಕರಡಿ ಚಿತ್ರ. ಅಲ್ಲಿ ಜೇನಿಗೆ ‘ಮ್ಯೋದ್’, ಕರಡಿಗೆ ‘ಮೆದ್ವೇದ್’ ಅಂತಾರಂತೆ. ಮಧು, ವೇದ ಎರಡೂ ಇಲ್ಲಿಂದಲೇ ಹೋದದ್ದು, ಕರಡಿ ಅಂದ್ರೆ ‘ಜೇನು ಬಲ್ಲವನು’ ಅಂತ ಅವಳ ಅಜ್ಜನ ವಾದ. ಹೌದಾ?
— ಓದುಗರೊಬ್ಬರು, ಉಡುಪಿ

ಉತ್ತರ: ಅಜ್ಜ ಅರ್ಧ ಗೆದ್ದರು. ಮ್ಯೋದ್, ಮಧು ನೆಂಟರು ಹೌದು, ಆದ್ರೆ ಒಂದು ಇನ್ನೊಂದರ ಮಗು ಅಲ್ಲ. ಎರಡಕ್ಕೂ ಅಜ್ಜಿ ಒಬ್ಬಳೇ, ಸಂಸ್ಕೃತ, ರಷ್ಯನ್, ಇಂಗ್ಲಿಷ್ ಎಲ್ಲ ಹುಟ್ಟಿಬಂದ ಇಂಡೋ-ಯುರೋಪಿಯನ್ ಮೂಲಭಾಷೆಯ ‘ಮೆಧು’. ಲಿಥುವೇನಿಯನ್ನರ ‘ಮೆದುಸ್’, ಇಂಗ್ಲಿಷಿನ ‘ಮೀಡ್’ ಅನ್ನೋ ಜೇನಿನ ಮದ್ಯ ಕೂಡ ಅದೇ ಮನೆಯವು. (ನಮ್ಮ ಮೆತ್ತಗಿನ ‘ಮೆದು’ ಬೇರೆ, ಸುಮ್ನೆ ಸೇರಿಸಬೇಡಿ.)

ರಷ್ಯನ್, ಪೋಲಿಷ್, ಸರ್ಬಿಯನ್ ಎಲ್ಲಕ್ಕೂ ತಾಯಿಯಾದ ಪ್ರೊಟೊ-ಸ್ಲಾವಿಕ್ ಭಾಷೆಯ ಬರಹ ಸಿಕ್ಕಿಲ್ಲ. ಮಕ್ಕಳ ಮುಖ ನೋಡಿ ತಾಯಿಯ ಚಿತ್ರ ಬಿಡಿಸಿದ ಹಾಗೆ ಪಂಡಿತರು ಪದಗಳನ್ನು ಕಟ್ಟಿದ್ದಾರೆ. ಅದಕ್ಕೇ ಅಂಥ ಪದದ ಮುಂದೆ ಒಂದು ನಕ್ಷತ್ರ ಹಾಕ್ತಾರೆ. ಜೇನಿಗೆ ಅವರು ಕಟ್ಟಿದ ರೂಪದ ಕೊನೆಯಲ್ಲಿ ಒಂದು ಸಣ್ಣ ಉಕಾರ ಇದೆ, ತುಳುವಿನಲ್ಲಿ ‘ಕಲ್ಲ್’, ‘ಕಣ್ಣ್’ ಅನ್ನುವಾಗ ಕೊನೆಗೆ ಬರುತ್ತದಲ್ವಾ, ಹೆಚ್ಚುಕಡಿಮೆ ಆ ಥರದ್ದು. ಆಮೇಲೆ ಅದೂ ಉದುರಿಹೋಯ್ತು.

ಈಗ ಕರಡಿ. ‘ವೇದ’ ಅಂದ್ರೆ ಬಲ್ಲವನು ಅಂತ ರಷ್ಯಾದವರಲ್ಲೂ ಎಷ್ಟೋ ಮಂದಿ ನಂಬಿದ್ದಾರೆ, ಅಜ್ಜನಿಗೆ ಬೇಸರ ಬೇಡ. ಆದರೆ ಅಲ್ಲಿರೋದು ‘ಏದ್’, ತಿನ್ನು. ಸಂಸ್ಕೃತದ ‘ಅದ್’ ಧಾತುವಿನ ತಂಗಿ. ಹಾಗಾದ್ರೆ ನಡುವೆ ‘ವ’ ಎಲ್ಲಿಂದ ಬಂತು? ಶಾಲೆಯಲ್ಲಿ ಬಾಯಿಪಾಠ ಮಾಡಿದ ಯಣ್ ಸಂಧಿ ನೆನಪಿಸಿಕೊಳ್ಳಿ: ಮನು + ಅಂತರ, ಮನ್ವಂತರ. ಅದೇ ರೀತಿ ಮೆದು + ಏದ್, ಮೆದ್ವೇದ್. ಋಗ್ವೇದದ ಮೊದಲ ಮಂಡಲದ 164ನೇ ಸೂಕ್ತದಲ್ಲಿ ಮರದ ಮೇಲಿನ ಹಕ್ಕಿಗಳನ್ನು ‘ಮಧ್ವದಃ’, ಅಂದ್ರೆ ಸಿಹಿ ತಿನ್ನುವವು, ಅಂತ ಕರೆದಿದೆ. ಅಲ್ಲಿ ಹಕ್ಕಿ, ಇಲ್ಲಿ ಕರಡಿ, ಸಂಧಿ ಒಂದೇ!

ಕರಡಿಗೆ ಹಳೆಯ ಹೆಸರು ಬೇರೆಯೇ ಇತ್ತು. ಸಂಸ್ಕೃತದ ‘ಋಕ್ಷ’, ಲ್ಯಾಟಿನ್ನಿನ ‘ಉರ್ಸುಸ್’ ಆ ಕಡೆಯವು. ಸ್ಲಾವ್ ಜನ ಅದನ್ನು ಬಿಟ್ಟೇಬಿಟ್ಟರು. ಕಾಡಲ್ಲಿ ಹೆಸರು ಹಿಡಿದರೆ ಬಂದೇಬಿಡುತ್ತೆ ಅನ್ನೋ ಭಯ ಅಂತ ಭಾಷಾ ಪಂಡಿತರ ಅಂದಾಜು. ನಮ್ಮಲ್ಲೂ ರಾತ್ರಿ ಹೊತ್ತು ಹಾವು ಅನ್ನದೆ ‘ಹುಳ’ ಅನ್ನೋದಿಲ್ವಾ?

ವ್ಯಾಕರಣದಲ್ಲಿ ಇನ್ನೊಂದು ತಮಾಷೆ. ಸಂಸ್ಕೃತದ ಮಧು ನಪುಂಸಕಲಿಂಗ, ಸ್ಲಾವಿಕ್‌ನಲ್ಲಿ ಪುಲ್ಲಿಂಗ ಆಗಿಬಿಟ್ಟಿತು. ಉಕಾರದಲ್ಲಿ ಮುಗಿಯುವ ಇಂಥ ನಾಮಪದಗಳು ಅಲ್ಲಿ ಬೆರಳೆಣಿಕೆಯಷ್ಟು. ಮಗ ಅನ್ನೋ ‘ಸಿನ್’ ಇನ್ನೊಂದು, ನಮ್ಮ ‘ಸೂನು’ವಿನ ಬಂಧು. ‘ಜೇನಿನ’ ಅನ್ನೋಕೆ ಅವುಗಳ ಷಷ್ಠಿ ‘ಮೆದು’ ಅಂತ ‘ಉ’ದಲ್ಲಿ ಮುಗೀತಿತ್ತು. ಜಾಸ್ತಿ ಜನಬಲ ಇದ್ದ ಬೇರೆ ನಾಮಪದಗಳ ಗುಂಪು ಈ ಪದಗಳನ್ನು ನುಂಗಿತು, ಈಗ ರಷ್ಯನ್ನಿನಲ್ಲಿ ‘ಮ್ಯೋದಾ’. ಆದರೂ ಒಂದು ಚಮಚ ಜೇನು ಅನ್ನುವಾಗ ‘ಮ್ಯೋದು’ ಅನ್ನೋದು ಉಳಿದಿದೆ. ಎಷ್ಟೋ ತಡವಾಗಿ ಬಂದ ಚಹಾಕ್ಕೂ ಆ ಬಾಲ ಅಂಟಿಕೊಂಡಿದೆ. ಹಾಸ್ಟೆಲಿನಲ್ಲಿ ಸ್ವಲ್ಪ ಚಾ ಬೇಕು ಅನ್ನೋಕೆ ‘ಚಾಯು’ ಅಂತಾರಾ, ಮಗಳನ್ನು ಕೇಳಿ ನೋಡಿ.