ಹಳೇ ಯಾಟ್ ಮಾರುವ ಕೆಲಸಕ್ಕೆ ಇಳಿಯಲೇ ಎಂದು ಕೇಳಿದವರಿಗೆ

ನೀವು ಬರೆದದ್ದು ಓದಿದೆ. ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಲಕ್ಷುರಿ ಕಾರು ಮಾರುತ್ತಿದ್ದವರು. ಹೆಂಡತಿಯ ಕಡೆಯಿಂದ ಗ್ರೀನ್ ಕಾರ್ಡ್ ಸಿಕ್ಕಿ ಅಮೆರಿಕದ ಫ್ಲೋರಿಡಾದ ಫೋರ್ಟ್ ಲಾಡರ್‌ಡೇಲ್‌ಗೆ ಬಂದಿದ್ದೀರಿ. ಮನೆ ಹಿಂದಿನ ಕಾಲುವೆಗಳಲ್ಲಿ ಸಾಲಾಗಿ ನಿಂತ ಯಾಟ್‌ಗಳನ್ನು, ಅಂದರೆ ಐಷಾರಾಮಿ ಬೋಟ್‌ಗಳನ್ನು ನೋಡಿ, ‘ಅಣ್ಣಾ, ಒಂದು ಮಾರಿದರೆ ವರ್ಷದ ಖರ್ಚು ಕಳೆಯುತ್ತದಂತೆ, ನಮ್ಮವರಿಗೂ ಈ ಲೈನು ಆಗುತ್ತದಾ? ಇಲ್ಲಿ ಬದುಕು ಹೇಗೆ?’ ಎಂದು ಕೇಳಿದ್ದೀರಿ.

ಆಗುತ್ತದೆ. ನಾನು ಕುಂದಾಪುರ ಕಡೆಯವನು, ಇಲ್ಲಿ ಇದೇ ಕೆಲಸದಲ್ಲಿ ಮಕ್ಕಳನ್ನು ಓದಿಸಿದ್ದೇನೆ. ಆದರೆ ಆ ಒಂದು ಬೋಟ್ ಮಾರುವ ತನಕ ಮನೆ ಹೇಗೆ ನಡೆಯುತ್ತದೆ ಅನ್ನೋದನ್ನು ಮೊದಲು ಯೋಚನೆ ಮಾಡಿ.

ಲೆಕ್ಕ ನೋಡಿ. ಕಮಿಷನ್ ಸಾಮಾನ್ಯವಾಗಿ ಮಾರಿದ ಬೆಲೆಯ 10 ಪರ್ಸೆಂಟ್. ಕೊಡುವವನು ಮಾರುವ ಮಾಲೀಕ. 5 ಲಕ್ಷ ಡಾಲರಿನ ಬೋಟ್ ಹೋಯಿತು ಅನ್ನಿ, 50 ಸಾವಿರ ಬಂತು. ಗಿರಾಕಿಯನ್ನು ಬೇರೆ ಬ್ರೋಕರ್ ಕರೆತಂದಿದ್ದರೆ ಅದರಲ್ಲಿ ಅರ್ಧ ಅವನಿಗೆ. ಉಳಿದ 25 ಸಾವಿರದಲ್ಲಿ ನಿಮ್ಮ ಕಂಪನಿಯ ಪಾಲು ಹೋಗುತ್ತದೆ. ಅರ್ಧ ನಿಮಗೆ ಬಿಟ್ಟರೆ ಕೈಗೆ 12,500. ಇದು ಸಂಬಳ ಅಲ್ಲ, ಟ್ಯಾಕ್ಸ್ ಹಿಡಿದು ಕೊಡುವುದಿಲ್ಲ. ಸೋಷಿಯಲ್ ಸೆಕ್ಯುರಿಟಿ, ಮೆಡಿಕೇರ್‌ಗೆ ನೌಕರನ ಪಾಲು, ಕಂಪನಿಯ ಪಾಲು ಎರಡೂ ಸೇರಿ 15.3 ಪರ್ಸೆಂಟ್ ನೀವೇ ಕಟ್ಟಬೇಕು, ಅದರ ಮೇಲೆ ಫೆಡರಲ್ ಟ್ಯಾಕ್ಸ್. ಫ್ಲೋರಿಡಾದಲ್ಲಿ ರಾಜ್ಯದ ಇನ್‌ಕಮ್ ಟ್ಯಾಕ್ಸ್ ಇಲ್ಲ, ಅಷ್ಟೇ ಸಮಾಧಾನ. ಒಂದು ಬೋಟ್ ಲಿಸ್ಟ್ ಆಗಿ ದುಡ್ಡು ಕೈಸೇರಲು ಎಷ್ಟೋ ತಿಂಗಳು ಹಿಡಿಯಬಹುದು. ಮೊದಲ ವರ್ಷ ಏನೂ ಬರದಿದ್ದರೂ ನಡೆಯುವ ಹಾಗಿದ್ದರೆ ಮಾತ್ರ ಇಳಿಯಿರಿ.

ಕಾಗದಪತ್ರದ ಕೆಲಸ ಅಷ್ಟೇನೂ ಕಷ್ಟವಿಲ್ಲ. ಫ್ಲೋರಿಡಾದಲ್ಲಿ 32 ಅಡಿಗಿಂತ ಉದ್ದದ ಹಳೇ ಯಾಟ್ ಮಾರಿಕೊಡಲು ರಾಜ್ಯದ ಲೈಸೆನ್ಸ್ ಬೇಕು. ಬೆರಳಚ್ಚು ಕೊಡಬೇಕು, ಸೇಲ್ಸ್‌ಪರ್ಸನ್ ಆದರೆ 10 ಸಾವಿರ ಡಾಲರಿನ ಜಾಮೀನು ಬಾಂಡ್ ಕೊಡಬೇಕು. ಶುರುವಿನಲ್ಲಿ ಲೈಸೆನ್ಸ್ ಇರುವ ಬ್ರೋಕರ್ ಒಬ್ಬರ ಕೈಕೆಳಗೆ ಸೇಲ್ಸ್‌ಪರ್ಸನ್. ಎರಡು ವರ್ಷ ಆದ ಮೇಲೆ ನೀವೇ ಬ್ರೋಕರ್ ಆಗಬಹುದು. ನಿಮ್ಮ ಹತ್ತಿರ ಗ್ರೀನ್ ಕಾರ್ಡ್ ಇರುವುದು ದೊಡ್ಡ ಅನುಕೂಲ. ಎಚ್-1ಬಿ ಮೇಲೆ ಬಂದ ಹುಡುಗರೂ ನನ್ನನ್ನು ಕೇಳುತ್ತಾರೆ, ಸೈಡಿನಲ್ಲಿ ಮಾಡಬಹುದಾ ಅಂತ. ಮಾಡುವ ಹಾಗಿಲ್ಲ. ಆ ವೀಸಾ ಇರುವುದು ಅದನ್ನು ಕೊಡಿಸಿದ ಕಂಪನಿಯ ಕೆಲಸಕ್ಕೆ ಮಾತ್ರ.

ಇನ್ನು ನಿಮ್ಮ ಕಾರಿನ ಅನುಭವ. ಗಿರಾಕಿಯ ಮುಖ ಓದುವುದಕ್ಕೆ ಅದು ಖಂಡಿತ ಉಪಯೋಗಕ್ಕೆ ಬರುತ್ತದೆ. ಆದರೆ ಒಂದು ಪಾಠವನ್ನು ಮಾತ್ರ ಮರೆಯಬೇಕು. ಕಾರು ಕಡಿಮೆ ಓಡಿದಷ್ಟೂ ಒಳ್ಳೆಯದು, ಅಲ್ವಾ? ಬೋಟ್ ಹಾಗಲ್ಲ. ಹದಿನೈದು ವರ್ಷದ ಬೋಟ್, ಎಂಜಿನ್ ಮೀಟರಿನಲ್ಲಿ 300 ಗಂಟೆ ಮಾತ್ರ ಇದ್ದರೆ ಹೊಸಬರು ಖುಷಿಪಡುತ್ತಾರೆ, ಹಳಬರು ಅನುಮಾನಪಡುತ್ತಾರೆ. ಉಪ್ಪುನೀರಿನಲ್ಲಿ ಸುಮ್ನೆ ನಿಂತದ್ದೇ ಹಾಳಾಗುವುದು. ಸೀಲು ಒಣಗುತ್ತದೆ, ನೀರು ತಳ್ಳುವ ಪಂಪಿನ ರಬ್ಬರ್ ಚಕ್ರ (ಇಂಪೆಲ್ಲರ್) ಸೆಟೆದುಕೊಳ್ಳುತ್ತದೆ, ಎಂಜಿನ್ ಕೂಲರಿನೊಳಗೆ ಉಪ್ಪು ಕಟ್ಟುತ್ತದೆ. ವರ್ಷವರ್ಷವೂ ಓಡಿಸಿ, ಸರ್ವಿಸ್ ಮಾಡಿಸಿ, ಬಿಲ್ಲು ಜೋಡಿಸಿಟ್ಟ 1500 ಗಂಟೆಯ ಬೋಟನ್ನು ನಾನು ಧೈರ್ಯವಾಗಿ ಮಾರುತ್ತೇನೆ. ಜನರೇಟರಿನ ಗಂಟೆಯನ್ನೂ ನೋಡಿ. ಅದು ಎಂಜಿನ್‌ಗಿಂತ ತುಂಬಾ ಜಾಸ್ತಿ ಇದ್ದರೆ ಬೋಟ್ ಲಂಗರು ಹಾಕಿ ನಿಂತಲ್ಲೇ ಎಸಿ ಓಡಿಸಿದ್ದಾರೆ ಎಂದು ಅರ್ಥ.

ಬ್ರೋಶರಿನಲ್ಲಿ ಎಲ್ಲವೂ ‘ಚೆನ್ನಾಗಿ ನೋಡಿಕೊಂಡದ್ದೇ’. ನಾನು ಸೋಫಾ, ಗ್ರಾನೈಟ್ ನೋಡುವ ಮೊದಲು ಎಂಜಿನ್ ರೂಮಿಗೆ ಇಳಿಯುತ್ತೇನೆ. ತಳದ ಬಿಲ್ಜ್ ಒಣಗಿದೆಯಾ, ಪೈಪಿನ ಕ್ಲ್ಯಾಂಪು ತುಕ್ಕು ಹಿಡಿದಿದೆಯಾ, ಎಣ್ಣೆಯ ಕಲೆಯ ಮೇಲೆ ಹೊಸದಾಗಿ ಬಣ್ಣ ಬಳಿದಿದ್ದಾರಾ. ಆಮೇಲೆ ಮಂಚದ ಕೆಳಗಿನ ಕಪಾಟು ತೆಗೆದು ಮೂಸುತ್ತೇನೆ. ಫ್ಲೋರಿಡಾದ ಸೆಕೆಯಲ್ಲಿ ಎಸಿ ನಿಂತಿದ್ದರೆ ಬೂಷ್ಟಿನ ವಾಸನೆ ಅಲ್ಲಿ ಅಡಗಿ ಕೂತಿರುತ್ತದೆ. ಮಾರಾಟದ ದಿನ ಕಾಫಿ, ಸೆಂಟು ಎಲ್ಲ ಇಟ್ಟರೂ ಆ ಕಪಾಟು ನಿಜ ಹೇಳುತ್ತದೆ.

ವ್ಯಾಪಾರ ನಡೆಯುವ ರೀತಿ ಹೀಗೆ. ಬೆಲೆ ಕುದುರಿದ ಮೇಲೆ ಗಿರಾಕಿ 10 ಪರ್ಸೆಂಟ್ ಡೆಪಾಸಿಟ್ ಎಸ್ಕ್ರೋ ಖಾತೆಗೆ, ಅಂದರೆ ವ್ಯಾಪಾರ ಮುಗಿಯುವ ತನಕ ಯಾರೂ ಮುಟ್ಟದ ಖಾತೆಗೆ ಹಾಕುತ್ತಾನೆ. ಆಮೇಲೆ ಸರ್ವೆ, ಅಂದರೆ ಬೋಟಿನ ತಪಾಸಣೆ. ಇಲ್ಲಿನ ನ್ಯೂ ರಿವರ್ ದಡದ ಬೋಟ್ ರಿಪೇರಿ ಯಾರ್ಡಿನಲ್ಲಿ ಬೋಟನ್ನು ಪಟ್ಟಿಗಳಲ್ಲಿ ನೇತುಹಾಕಿ ಮೇಲೆತ್ತುತ್ತಾರೆ. ಸರ್ವೇಯರ್ ಸಣ್ಣ ಸುತ್ತಿಗೆ ಹಿಡಿದು ಬೋಟಿನ ಹೊರಮೈಯ (ಹಲ್) ಉದ್ದಕ್ಕೂ ತಟ್ಟುತ್ತಾ ಹೋಗುತ್ತಾನೆ. ಟಣ್, ಟಣ್, ಟಣ್. ಮಧ್ಯೆ ಎಲ್ಲೋ ದಬ್ ಅಂದರೆ ಕೈ ನಿಲ್ಲುತ್ತದೆ, ಚಾಕ್ ತೆಗೆದು ಸುತ್ತು ಹಾಕುತ್ತಾನೆ. ಫೈಬರ್ ಒಳಗೆ ಪದರ ಬಿಟ್ಟಿರಬಹುದು, ನೀರು ಹೊಕ್ಕಿರಬಹುದು. ಮಾಲೀಕ, ಗಿರಾಕಿ, ಎರಡೂ ಕಡೆಯ ಬ್ರೋಕರ್‌ಗಳು ಆ ಚಾಕ್ ಗುರುತನ್ನೇ ನೋಡುತ್ತಾ ನಿಂತಿರುತ್ತೇವೆ. ಆಮೇಲೆ ನೀರಿನಲ್ಲಿ ಓಡಿಸಿ ನೋಡುವ ಸೀ ಟ್ರಯಲ್. ಅದರಲ್ಲಿ ಎಂಜಿನ್ ಪೂರ್ತಿ ಬಿಟ್ಟಾಗ ತಯಾರಕರು ಹೇಳಿದ ಆರ್‌ಪಿಎಂ ಮುಟ್ಟಬೇಕು. ಮುಟ್ಟದಿದ್ದರೆ ತಳ ಪಾಚಿಗಟ್ಟಿದೆಯೋ, ಪ್ರೊಪೆಲ್ಲರ್ ತಪ್ಪೋ, ಎಂಜಿನ್ನಿಗೇ ಕಾಯಿಲೆಯೋ ಹುಡುಕಬೇಕು. ಈ ಖರ್ಚೆಲ್ಲ ಗಿರಾಕಿಯದು. ಸಾಮಾನ್ಯ ಕರಾರಿನಲ್ಲಿ, ಒಪ್ಪಿಗೆಯ ತಾರೀಖಿನೊಳಗೆ ಅವನು ಬೇಡ ಅಂದರೆ ಡೆಪಾಸಿಟ್ ವಾಪಸ್, ನಿಮಗೆ ಸೊನ್ನೆ. ಸರ್ವೇಯರ್ ಕಂಡದ್ದನ್ನು ಮುಚ್ಚಿಡಲು ಹೋದವರು ಈ ಊರಲ್ಲಿ ಉಳಿಯುವುದಿಲ್ಲ. ಇಲ್ಲಿ ಬ್ರೋಕರ್‌ಗಳು, ಕ್ಯಾಪ್ಟನ್‌ಗಳು, ಯಾರ್ಡಿನವರು ಎಲ್ಲರೂ ಒಬ್ಬರಿಗೊಬ್ಬರು ಗೊತ್ತು.

ಕೆಲವು ಬೋಟ್‌ಗಳ ಜಾಹೀರಾತಿನಲ್ಲಿ ‘ಅಮೆರಿಕದ ನೀರಿನಲ್ಲಿರುವಾಗ ಅಮೆರಿಕದ ನಿವಾಸಿಗಳಿಗೆ ಮಾರಾಟಕ್ಕಿಲ್ಲ’ ಎಂದು ಬರೆದಿರುತ್ತದೆ. ತಮಾಷೆ ಅಲ್ಲ. ಅವು ಕೇಮನ್ ಐಲ್ಯಾಂಡ್ಸ್‌ನಂಥ ಕಡೆ ನೋಂದಾಯಿಸಿದ, ಬೇರೆ ಧ್ವಜದವು, ಇಲ್ಲಿನ ಆಮದು ಸುಂಕ ಕಟ್ಟಿರುವುದಿಲ್ಲ. ಹಾಗೇ ಬೋಟಿನ ಸೇಲ್ಸ್ ಟ್ಯಾಕ್ಸ್‌ಗೆ ಫ್ಲೋರಿಡಾದಲ್ಲಿ 18 ಸಾವಿರ ಡಾಲರಿನ ಮಿತಿ ಇದೆ. ಎಷ್ಟು ಕೋಟಿಯ ಬೋಟ್ ಆದರೂ ಅಷ್ಟೇ. ನಮ್ಮ ಭಾರತೀಯ ಗಿರಾಕಿಗಳಿಗೆ ಇದನ್ನು ಹೇಳಿದಾಗ ಮುಖ ಅರಳುತ್ತದೆ. ಮರುಕ್ಷಣವೇ ‘ನಿಮ್ಮ ಕಮಿಷನ್‌ನಲ್ಲಿ ನಮಗೇನು ಬಿಡ್ತೀರಿ?’ ಅಂತಾರೆ ಮಾರಾಯ್ರೆ! ಬಿಡಬೇಡಿ. ಒಬ್ಬರಿಗೆ ಬಿಟ್ಟರೆ ಮುಂದಿನ ದೀಪಾವಳಿ ಪಾರ್ಟಿಯೊಳಗೆ ಎಲ್ಲರಿಗೂ ಗೊತ್ತಾಗಿರುತ್ತದೆ.

ಬಿಳಿಯರ ಮಧ್ಯೆ ನಡೆಯುತ್ತದಾ ಅಂತಲೂ ಕೇಳಿದ್ದೀರಿ. ಮೊದಲ ಸಲ ನೋಡಿದವರು ನನ್ನನ್ನು ಡಾಕ್ಟರೋ ಐಟಿಯವನೋ ಅಂದುಕೊಳ್ಳುತ್ತಾರೆ. ಎಂಜಿನ್ ರೂಮಿನಲ್ಲಿ ಅರ್ಧ ಗಂಟೆ ಮಾತಾಡಿದರೆ ಅದು ಮರೆತುಹೋಗುತ್ತದೆ. ಹೆಸರು ಮೊಟಕು ಮಾಡಿಕೊಳ್ಳುವ ಅಗತ್ಯ ನನಗೆ ಕಾಣಲಿಲ್ಲ. ಮತ್ತೊಂದು, ಇಲ್ಲಿ ಯಾಟ್ ಹತ್ತುವಾಗ ಶೂ ಬಿಚ್ಚಿ ಬುಟ್ಟಿಗೆ ಹಾಕಬೇಕು, ತೇಗದ ಡೆಕ್ಕಿಗೆ ಗೀರು ಬೀಳಬಾರದು ಅಂತ. ನಮಗೆ ಹುಟ್ಟಿದಾಗಿನಿಂದ ಅಭ್ಯಾಸ. ತೂತಿಲ್ಲದ ಕಾಲುಚೀಲ ಮಾತ್ರ ಹಾಕಿಕೊಂಡು ಬನ್ನಿ.

ಬದುಕಿನ ವಿಷಯಕ್ಕೆ ಬಂದರೆ, ಸೆಕೆ ನಮ್ಮ ಕರಾವಳಿಯದೇ. ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ. ಊರಲ್ಲಿ ಟ್ರಾಲಿಂಗ್ ರಜೆ ಶುರುವಾಗುವ ದಿನವೇ ಇಲ್ಲಿ ಹವಾಮಾನ ನೋಡುವುದು ಶುರು. ಮನೆ ಬಾಡಿಗೆ, ಕಾರಿನ ಇನ್ಶೂರೆನ್ಸ್ ಎರಡೂ ಜೇಬು ಕೊರೆಯುತ್ತವೆ. ಕುಚ್ಚಲಕ್ಕಿ ಇಂಡಿಯನ್ ಅಂಗಡಿಯಲ್ಲಿ ಸಿಗುತ್ತದೆ. ಮೀನು ತಿನ್ನುವವರಾದರೆ ಇಲ್ಲಿನ ಕಿಂಗ್‌ಫಿಶ್ ತನ್ನಿ, ನಮ್ಮ ಅಂಜಲಿನ ಹತ್ತಿರದ ನೆಂಟ, ತವಾ ಫ್ರೈಗೆ ಏನೂ ತೊಂದರೆ ಇಲ್ಲ. ವಾರಾಂತ್ಯದಲ್ಲಿ ರಜೆ ಮಾತ್ರ ಕೇಳಬೇಡಿ. ಗಿರಾಕಿಗೆ ಬಿಡುವು ಇರುವುದೇ ಆಗ.

ನೀವು ನನ್ನ ತಮ್ಮ ಆಗಿದ್ದರೆ ಮೊದಲು ಯಾವುದಾದರೂ ಯಾರ್ಡಿನಲ್ಲೋ ಮರೀನಾದಲ್ಲೋ ಸಂಬಳದ ಕೆಲಸಕ್ಕೆ ಸೇರಿಸುತ್ತಿದ್ದೆ. ಬೋಟ್ ಮೇಲೆತ್ತಿದಾಗ ತಳ ನೋಡಲು ಸಿಗುತ್ತದೆ, ಕ್ಯಾಪ್ಟನ್‌ಗಳ ಪರಿಚಯ ಆಗುತ್ತದೆ. ಯಾವ ಮಾಲೀಕ ಬೋಟ್ ಮಾರುವ ಯೋಚನೆಯಲ್ಲಿದ್ದಾನೆ ಅನ್ನೋದು ಬ್ರೋಕರ್‌ಗಿಂತ ಮೊದಲು ಗೊತ್ತಾಗುವುದು ಅವರಿಗೇ. ಅಕ್ಟೋಬರ್ ಕೊನೆಗೆ ಇಲ್ಲಿ ದೊಡ್ಡ ಬೋಟ್ ಶೋ ಇರುತ್ತದೆ. ಅದಕ್ಕೆ ಮುಂಚೆ ತಿಳಿಸಿ, ಒಂದು ದಿನ ಜೊತೆಗೆ ಕರೆದುಕೊಂಡು ಹೋಗುತ್ತೇನೆ. ಅಷ್ಟರಲ್ಲಿ ಹೆಂಡತಿಯ ಆಫೀಸಿನ ಹೆಲ್ತ್ ಇನ್ಶೂರೆನ್ಸ್‌ಗೆ ನಿಮ್ಮ ಹೆಸರು ಸೇರಿಸಿಕೊಳ್ಳಿ. ಬ್ರೋಕರ್‌ಗೆ ಅದನ್ನು ಯಾವ ಕಂಪನಿಯೂ ಸುಲಭಕ್ಕೆ ಕೊಡುವುದಿಲ್ಲ.